ಗಣಪ್ಪನ ಕೈಯ ಕಡಬು

೨೦೦೧ರಲ್ಲಿ ನಾನು ಗೋಕಾಕದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್. ಹುದ್ದೆಯ ಹೆಸರು ಭಾರಿ. ಕೆಲಸ ಮಾತ್ರ ಸ್ಕ್ರೂಡ್ರೈವರ್, ಸಿ.ಡಿ.ಗಳ ಚೀಲ ಹೆಗಲಿಗೇರಿಸಿ ಮೂಡಲಗಿ, ಹುಕ್ಕೇರಿ ಅಂತ ಬೈಕ್ ಓಡಿಸುವುದು.

ಒಂದು ಬೆಳಿಗ್ಗೆ ಮೂಡಲಗಿಯಿಂದ ಲಗ್ನಪತ್ರಿಕೆ ಪ್ರೆಸ್ಸಿನ ಮಾಲೀಕರಾದ ಮಹಾವೀರ ಕಾಕಾ ಫೋನ್ ಮಾಡಿದರು. “ಲಗೂನ ಬಾ ತಮ್ಮಾ, ಕಂಪ್ಯೂಟರ್ ಒಂದು ಮದವಿ ಮುರಿಯಾಕತ್ತೈತಿ!”

ಹೋಗಿ ನೋಡಿದರೆ ನಾಗನೂರಿನ ಬಾಳಪ್ಪಜ್ಜ ಮೊಮ್ಮಗಳು ಶೋಭಾಳ ಜೊತೆ ಮಾನಿಟರಿನ ಮುಂದೆ ಕೂತಿದ್ದರು. ಅವರ ಮನೆಯಲ್ಲಿ ಮೊದಲ ಪತ್ರಿಕೆ ಮನೆದೇವರ ಮುಂದೆ ಇಡುವ ಪದ್ಧತಿ. ಅದಕ್ಕೂ ಮೊದಲು ಹಿರಿಯರು ನೋಡಿ ಒಪ್ಪಬೇಕು. ಪರದೆಯ ಪತ್ರಿಕೆಯಲ್ಲಿ ಮೇಲೆ ಗಣಪ್ಪನ ಚಿತ್ರ, ಕೆಳಗೆ ವಧೂವರರ ಹೆಸರುಗಳ ನಟ್ಟನಡುವೆ ಒಂದು ಕಪ್ಪು ಗೆರೆ.

“ಈ ಸಂಬಂಧ ಬ್ಯಾಡ ಅಂತ ದೇವರ ಹೇಳಾಕತ್ತಾನೇನೋ. ಮತ್ತೊಮ್ಮೆ ವಿಚಾರ ಮಾಡಬೇಕು,” ಎಂದರು ಅಜ್ಜ. ಶೋಭಾ ತಲೆ ಎತ್ತಲಿಲ್ಲ. ಅವಳೇ ಮೆಚ್ಚಿದ ಹುಡುಗನಂತೆ.

ಕಾಕಾ ಆಗಲೇ ತಮ್ಮ ಔಷಧಿ ಮಾಡಿ ಮುಗಿಸಿದ್ದರು. ಕತ್ತರಿಸಿ ಅಂಟಿಸಿ ಪುಟ ಕಟ್ಟಿದ ಕಾಲದವರು. ತಪ್ಪು ಕಂಡಲ್ಲಿ ಬಿಳಿ ಕಾಗದದ ತುಂಡು ಹಚ್ಚುವುದು ರೂಢಿ. ಕಂಪ್ಯೂಟರಿನಲ್ಲೂ ಗೆರೆ ಕಂಡಲ್ಲೆಲ್ಲ ಬಿಳಿ ಚೌಕ ಕೂರಿಸಿ, ಅತ್ತಿತ್ತ ಸರಿಸಿದ್ದರು. ಗೆರೆ ಜಪ್ಪಯ್ಯ ಅಂದರೂ ಕದಲಿರಲಿಲ್ಲ.

“ಪ್ರಿಂಟ್ ತಗದು ನೋಡೀರೇನ್ರಿ ಕಾಕಾ?”

“ಗೆರಿ ಕಣ್ಣಿಗೆ ಕಾಣಾಕತ್ತೈತಿ, ಪ್ರಿಂಟ್ ಯಾಕ ತಗೀಲೋ?”

ನಾನೇ ಒಂದು ಪ್ರತಿ ತೆಗೆದೆ. ಗೆರೆ ಇರಲಿಲ್ಲ! ಅಜ್ಜನ ಮುಖ ಅರಳಿತು. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು: “ಗೆರಿ ಹೋತು, ಖರೆ. ಗಣಪ್ಪನ ಕೈಯಾನ ಕಡಬು ಯಾರು ತಿಂದ್ರಿ?”

ಪರದೆಯಲ್ಲಿದ್ದ ಕಡಬು ಕಾಗದದಲ್ಲಿ ಇರಲಿಲ್ಲ. ಮೊದಲು ನಕ್ಕವಳು ಶೋಭಾ.

ಕಾಕಾ ಪತ್ರಿಕೆ ಕಟ್ಟುತ್ತಿದ್ದ ವೆಕ್ಟರ್ ಡ್ರಾಯಿಂಗ್ ಸಾಫ್ಟ್‌ವೇರ್ ಚಿತ್ರವನ್ನು ರೇಖೆಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಏನನ್ನಾದರೂ ಸರಿಸಿದಾಗ ಪರದೆಯ ಚಿತ್ರವನ್ನು ಹೊಸದಾಗಿ ಬರೆಯಬೇಕು. ಆ ಕೆಲಸಕ್ಕೆ ಆಗಷ್ಟೇ ಹಾಕಿಸಿದ್ದ ಡಿಸ್ಪ್ಲೇ ಕಾರ್ಡ್ ಅವಸರದಲ್ಲಿ ಹಳೆಯದನ್ನು ಪೂರ್ತಿ ಅಳಿಸುತ್ತಿರಲಿಲ್ಲ. ಗೆರೆ ಹಾಗೆ ಉಳಿದ ಕಸ. ಸರಿಸುವಾಗ ಕಾಕಾನ ಒಂದು ಚೌಕ ಕಡಬಿನ ಮೇಲೆ ಕೂತು ಅದನ್ನು ಮುಚ್ಚಿತ್ತು; ಪರದೆಯಲ್ಲಿ ಮಾತ್ರ ಅಳಿಸದೆ ಉಳಿದ ಹಳೆಯ ಕಡಬೇ ಕಾಣುತ್ತಿತ್ತು.

ಚೌಕಗಳನ್ನು ತೆಗೆದುಹಾಕಿ, ಸೆಟ್ಟಿಂಗ್ಸ್‌ನಲ್ಲಿ ‘ಹಾರ್ಡ್‌ವೇರ್ ಆಕ್ಸಲರೇಶನ್’ ಇಳಿಸಿ ಕಾರ್ಡಿನ ಅವಸರ ತಗ್ಗಿಸಿದೆ. ಪರದೆಯನ್ನು ಮತ್ತೆ ಬರೆಸುವ ಕೀಲಿಯನ್ನು ಅಜ್ಜನ ಬೆರಳಿಂದಲೇ ಒತ್ತಿಸಿದೆ. ಗೆರೆ ಮಾಯ! ಮತ್ತೊಂದು ಪ್ರತಿ ತೆಗೆದೆ, ಕಾಗದದಲ್ಲೂ ಕಡಬು ಹಾಜರು!

“ಅಂದ್ರ ಗೆರಿ ಪತ್ರಿಕಿ ಮ್ಯಾಲ ಇರ್ಲೇ ಇಲ್ಲ?”

“ಗಾಜಿನ ಮ್ಯಾಲಷ್ಟ ಇತ್ರಿ ಅಜ್ಜಾರ.”

ಅಜ್ಜ ಹೊಸ ಪ್ರತಿಯನ್ನು ಕಣ್ಣಿಗೊತ್ತಿಕೊಂಡು ಮೊಮ್ಮಗಳ ಕೈಗಿಟ್ಟರು. “ಏಳವ್ವ, ದೇವ್ರ ಮುಂದ ಇಡೂಣು.”

ಅಂದಿನಿಂದ ಯಾವ ಪ್ರೆಸ್ಸಿಗೆ ಹೋದರೂ ನನ್ನ ಮೊದಲ ಪ್ರಶ್ನೆ, ಪ್ರಿಂಟ್ ತೆಗೆದು ನೋಡಿದಿರಾ? ದೋಷ ಚಿತ್ರದಲ್ಲಿದೆಯೋ ತೋರಿಸುವ ಗಾಜಿನಲ್ಲಿದೆಯೋ ತಿಳಿಯದೆ ಕೈ ಹಾಕಿದರೆ ಇದ್ದದ್ದೂ ಕೆಡುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ.

ಮದುವೆಗೂ ಹೋಗಿದ್ದೆ. ಪಂಕ್ತಿಯಲ್ಲಿ ಅಜ್ಜನೇ ನಿಂತು ಎಲ್ಲರಿಗೂ ಕಡಬು ಬಡಿಸುತ್ತಿದ್ದರು. ಕಾಕಾನ ಎಲೆಯನ್ನು ಮಾತ್ರ ದಾಟಿ ಮುಂದೆ ಹೋದರು.

“ನನಗ್ರೀ?” ಎಂದರು ಕಾಕಾ.

“ನಿಮ್ಮದು ಆಗ್ಲೇ ಆಗೇತಲ್ರಿ ಸಾವಕಾರ್ರ, ಗಣಪ್ಪನ ಕೈಯಾಂದು!”

ಗಂಡನ ಪಕ್ಕ ನಿಂತಿದ್ದ ಶೋಭಾ ಅಂದಿನಂತೆಯೇ ನಕ್ಕಳು.