ಹವಾಲ್ದಾರ್ ಸೋಮನ ಬಿಡಾರ

ನಾವುಂದದ ಸೋಮ ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದ. ಮದುವೆಯಾಗಿರಲಿಲ್ಲ, ಸ್ವಂತಕ್ಕೆಂದು ಒಂದು ಸೂರೂ ಇರಲಿಲ್ಲ. ತಂಗಿ ಸರಸ, "ನಮ್ಮನಿ ಇಲ್ಯಾ ಅಣ್ಣ?" ಎಂದು ಕರೆದುಕೊಂಡು ಹೋದಳು.

ಮೂರು ತಿಂಗಳು ಎಲ್ಲ ಸರಿಯಿತ್ತು. ಒಂದು ಮಧ್ಯಾಹ್ನ ಸೋಮ ಚಾವಡಿಯಲ್ಲಿ ಮಲಗಿದ್ದಾಗ ಸರಸಳ ಮಗಳು ನಿಶ್ಮಿತಾ ಚಾ ತಂದು, ಹೆಗಲು ಮುಟ್ಟಿ ಎಬ್ಬಿಸಿದಳು. ಕಣ್ಣು ಬಿಡುವ ಮೊದಲೇ ಅವನ ಕೈ ಎದ್ದಿತ್ತು. ಎಚ್ಚರಾಗಿ ನೋಡಿದರೆ ಹುಡುಗಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದಾನೆ. ಬಳೆ ಒಡೆದು ಅವಳ ಮಣಿಕಟ್ಟಿನಲ್ಲಿ ರಕ್ತ. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಉಳಿಯುತ್ತಿದ್ದನೋ ಏನೋ. ಸಂಜೆಯ ಬಸ್ಸಿಗೇ ಬಟ್ಟೆಬರೆ ಕಟ್ಟಿಕೊಂಡು ಹೊರಟುಬಿಟ್ಟ.

ಕುಂದಾಪುರದಲ್ಲಿ ಬಾಡಿಗೆ ಕೋಣೆ ಹಿಡಿದ. ಮಿಲಿಟರಿಯವರು ಎಂದು ಮನೆಯ ಯಜಮಾನರು ಮೊದಲು ಗೌರವದಿಂದಲೇ ಕಂಡರು. ನಿದ್ದೆಯಲ್ಲಿ ಕೂಗಾಡುವುದನ್ನು ಕೇಳಿದ ಮೇಲೆ, "ಸಣ್ಣ ಮಕ್ಳಿಪ್ಪು ಮನಿ, ಬೇಜಾರ್ ಮಾಡ್ಕಂಬೇಡಿ" ಎಂದರು. ಬಾರ್ಕೂರಿನಲ್ಲೂ ಅದೇ ಆಯಿತು, ಬೈಂದೂರಿನಲ್ಲೂ ಅದೇ. ಕೊನೆಗೆ ಊರಿನ ಕಡಲ ತಡಿಗೇ ಬಂದು, ಬಲೆ ಇಡುವ ಶೆಡ್ಡಿನ ಮೂಲೆಯಲ್ಲಿ ಚಾಪೆ ಹಾಸಿಕೊಂಡ. ಪಿಂಚಣಿ ಬರುತ್ತಿತ್ತು, ಮನೆ ಕಟ್ಟಬಹುದಿತ್ತು. ಆದರೆ ತನ್ನೊಂದಿಗೆ ತಾನೇ ಒಂದು ಮನೆಯೊಳಗಿರಲು ಅವನಿಗೆ ಧೈರ್ಯವಿರಲಿಲ್ಲ.

ಸುದ್ದಿ ತಿಳಿದ ಮರುದಿನ ಬೆಳಿಗ್ಗೆ ನಿಶ್ಮಿತಾ ಬಂದಳು. ಅವನಿನ್ನೂ ಮಲಗಿದ್ದ. ಹತ್ತು ಹೆಜ್ಜೆ ಆಚೆಯೇ ನಿಂತು, "ಹ್ವಾಯ್, ಮಾಮಾ!" ಎಂದು ಕರೆದಳು. ಸೋಮ ಎದ್ದು ಕುಳಿತ.

"ಅವತ್ ನಂಗೆ ಹೆದ್ರಿಕಿ ಆದ್ದ್ ಹೌದ್," ಎಂದಳು. "ನಿಂಗೆ ನನ್ಕಿಂತ ಜಾಸ್ತಿ ಆಯಿತ್. ನಿನ್ ಮುಖ ನಾ ಕಂಡಿದೆ."

"ಇನ್ನೊಂದ್ ಸಲ ಹಾಂಗೇ ಆರೆ ಎಂತ ಮಾಡುದ್ ಹೆಣ್ಣೇ?"

"ಅದನ್ನ ಡಾಕ್ಟ್ರ ಹತ್ರ ಕೇಂಬ. ನಾನೂ ಬತ್ತೆ."

ಕುಂದಾಪುರದ ಮನೋವೈದ್ಯೆ ಮೊದಲು ಕೇಳಿದ್ದು, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು. "ಹನ್ನೊಂದ್ ವರ್ಷ," ಎಂದ ಸೋಮ. ಗಡಿಯ ಚೌಕಿಯಲ್ಲಿ ಪಕ್ಕದಲ್ಲೇ ಮಲಗಿದ್ದ ಗೆಳೆಯ ರಾತ್ರಿಯ ದಾಳಿಗೆ ಸಿಕ್ಕಿ ಬೆಳಗಾಗುವುದರೊಳಗೆ ಇಲ್ಲವಾದದ್ದನ್ನು ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ. ನಿಶ್ಮಿತಾ ಹೊರಗೆ ಬೆಂಚಿನ ಮೇಲೆ ಒಂದೂವರೆ ಗಂಟೆ ಕಾದಳು.

ಚೇತರಿಸಿಕೊಳ್ಳಲು ವರ್ಷವೇ ಹಿಡಿಯಿತು. ಮಾತ್ರೆ ಈಗಲೂ ಇದೆ. ಸರಸಳ ಮನೆಗೆ ತಾಗಿ, ಎರಡು ಬಾಗಿಲಿನ ಒಂದು ಕೋಣೆ ಕಟ್ಟಿಸಿಕೊಂಡಿದ್ದಾನೆ; ಒಂದು ಬಾಗಿಲು ಹೊರಗಿನ ಅಂಗಳಕ್ಕೆ, ಇನ್ನೊಂದು ತಂಗಿಯ ಮನೆಯೊಳಕ್ಕೆ. ಕೆಟ್ಟ ಕನಸು ಬಿದ್ದರೆ ಬೆಳಿಗ್ಗೆ ಅದನ್ನು ಬಚ್ಚಿಡದೆ ತಂಗಿಗೆ ಹೇಳುತ್ತಾನೆ. ಅವಳು ಗಂಜಿ ಬಡಿಸುತ್ತಾ ಕೇಳಿಸಿಕೊಳ್ಳುತ್ತಾಳೆ.