‘ಅಳಿಸು’ ಎನ್ನದ ಬಾಯಿ

ಗೋದಾಮಿನ ನಿವೃತ್ತ ಮ್ಯಾನೇಜರು ಆಡಿದ ಮಾತನ್ನು ಜನ್ಮದಲ್ಲೇ ಹಿಂದಕ್ಕೆ ತೆಗೆದುಕೊಂಡವರಲ್ಲ. ಕೈ ನಡುಗತೊಡಗಿದ ಮೇಲೆ ಕಂಪ್ಯೂಟರಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದರು. ತಪ್ಪಾದಾಗ ‘ಅಳಿಸು’ ಎನ್ನಲು ಮಾತ್ರ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆಸುತ್ತಿದ್ದರು. ಈ ದೊಡ್ಡಸ್ತಿಕೆ ಕಂಡರೆ ಆಕೆಗೆ ಹೇಸಿಗೆ.

ಜಗಳವಾಡಿ ಮನೆಬಿಟ್ಟಿದ್ದ ಮಗಳನ್ನು ವಾಪಸ್ ಕರೆಯಬೇಕೆಂದು ಒಂದು ದಿನ ಮೇಲ್ ಬರೆಸಲು ಕೂತರು. ಗಂಟಲು ಸರಿಮಾಡಿಕೊಂಡು, “ತಪ್ಪೆಲ್ಲ ನಿನ್ನದೇ. ಆದರೂ ಬಾ,” ಎಂದರು. ಪರದೆಯ ಮೇಲೆ ಅಷ್ಟೂ ಮೂಡಿತು.

“ಇದನ್ನ ಓದಿದ್ರೆ ಅವಳು ಈ ಕಡೆ ತಲೆ ಹಾಕಿಯೂ ಮಲಗಲ್ಲ. ಮೊದಲನೇ ಸಾಲು ತೆಗೀರಿ,” ಎಂದಳು ಹಿಂದೆ ನಿಂತು ಓದುತ್ತಿದ್ದ ಹೆಂಡತಿ.

“ನನ್ನ ಬಾಯಲ್ಲಿ ಅದು ಬರಲ್ಲ ಕಣೇ. ಬೇಕಾದ್ರೆ ನೀನೇ ಹೇಳು.”

ಆಕೆ ಮೈಕಿನತ್ತ ಬಗ್ಗಿ, “ಎಲ್ಲಾ ಅಳಿಸು,” ಎಂದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ತಾನೇ ಹೇಳಿ ಬರೆಸಿದಳು: “ಪುಟ್ಟಿ, ನಿಮ್ಮಪ್ಪ ಇದ್ದ ಹಾಗೇ ಇದ್ದಾರೆ. ನೀನು ಬರಬೇಡ, ನಾನೇ ಅಲ್ಲಿಗೆ ಬರ್ತೀನಿ.”