ಎರಡು ಅಡುಗೆಮನೆಯ ಯಂತ್ರ

ಆ ಯಂತ್ರ ನಮ್ಮ ಮನೆಗೆ ಬರಲು ಕಾರಣ ಬಾವಿಯ ಪಂಪು. ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ, ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ, ನನ್ನ ಅಣ್ಣನ ಮಗಳು ಕಂಪ್ಯೂಟರ್ ಆಫೀಸು ಇಟ್ಟಿದ್ದಳು. ಆಫೀಸೆಂದರೆ ಅವಳು, ಭಟ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವಳ ಪಾರ್ಟ್ನರ್, ಮತ್ತೆ ಒಂದು ಟೇಬಲ್ ಫ್ಯಾನು, ಅಷ್ಟೇ. ಪುಣೆಯ ಕಂಪನಿಯೊಂದು ಅವರಿಗೆ ಸಣ್ಣದೊಂದು ಕೆಲಸ ಕೊಟ್ಟು, ಅದನ್ನು ಟೆಸ್ಟ್ ಮಾಡಲೆಂದು ಲಾರಿಯಲ್ಲಿ ದೊಡ್ಡದೊಂದು ಸರ್ವರ್ ಕಳಿಸಿಬಿಟ್ಟಿತು. ಅಂಗಡಿಯ ಹಳೆಯ ವೈರಿಂಗ್ ಅದನ್ನು ತಾಳುವಂತಿರಲಿಲ್ಲ. ನಮ್ಮಲ್ಲಿ ಪಂಪಿಗೆಂದು ಹಾಕಿಸಿದ ತ್ರೀ ಫೇಸ್ ಕರೆಂಟ್ ಇತ್ತು. ಹೀಗೆ ನನ್ನ ಹಪ್ಪಳದ ಡಬ್ಬಗಳ ಕೋಣೆ ಖಾಲಿಯಾಯಿತು.

ನಾನು ಕಾನ್ವೆಂಟಿನಲ್ಲಿ ಬೆಳೆದವಳು. ಆಮೇಲೆ ಕುಮಟಾದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ಸಿಸ್ಟರುಗಳು ನನ್ನೊಳಗೆ ಬಿತ್ತಿದ್ದರಲ್ಲಿ ಪ್ರಾರ್ಥನೆ ಅಷ್ಟಾಗಿ ಉಳಿಯಲಿಲ್ಲ, ಸೈಲೆನ್ಸ್ ಮೇಲಿನ ಮೋಹ ಮಾತ್ರ ಉಳಿಯಿತು. ಆ ಯಂತ್ರವೋ, ಹಗಲಿಡೀ ಊಳಿಡುತ್ತಿತ್ತು. ಮಧ್ಯಾಹ್ನದ ನಿದ್ದೆ ಹೋಯಿತು. ರೇಡಿಯೋ ಹೋಯಿತು. ಪಕ್ಕದ ಮನೆಯ ಹೆಂಗಸು ಬೇಲಿಯಾಚೆಯಿಂದ, “ಟೀಚರ್ ಬಾಯಿ, ನಿಮ್ಮಲ್ಲಿ ಎಂತ, ಹಿಟ್ಟಿನ ಗಿರಣಿ ಹಾಕಿದ್ರಾ?” ಎಂದು ಕೇಳಿದಳು. ಇಂದು ಆ ಕೋಣೆ ಸುಮ್ಮನಿದೆ. ಕೆಲವು ಮಧ್ಯಾಹ್ನ ಆ ಸುಮ್ಮನಿರುವಿಕೆಯೇ ನನ್ನನ್ನು ಎಬ್ಬಿಸುತ್ತದೆ, ವಾಟ್ ಟು ಡೂ!

ಅವರ ಕೆಲಸದಲ್ಲಿ ನನಗೂ ಒಂದು ಪಾಲು ಬಂತು. ಯಂತ್ರಗಳು ಎಷ್ಟು ಚುರುಕಾಗಿ ಓಡುತ್ತಿವೆ ಎಂದು ತೋರಿಸುವ ಒಂದು ಸಾಫ್ಟ್‌ವೇರ್. ಅದರಲ್ಲಿ ಒಂದೇ ಒಂದು ಪರದೆ ಇವರದ್ದು. ಅದರ ಹೆಲ್ಪ್ ಪೇಜಿನ ಇಂಗ್ಲಿಷ್ ತೀರಾ ಒರಟಾಗಿದೆಯೆಂದು ಪುಣೆಯವರು ಹೇಳಿದ್ದರು. ಅದನ್ನು ತಿದ್ದುವುದು ನನ್ನ ಪಾಲು.

“ಅತ್ತೆ, ಇದ್ರೊಳಗೆ ನಾಕು ಪ್ರೊಸೆಸರ್ ಇದ್ದಾವೆ. ಮೆಮೊರಿ ಎರಡು ಕಡೆ ಇದೆ, ಒಂದೊಂದು ಕಡೆಗೂ ನೋಡ್ ಅಂತಾರೆ. ಯಾವ ಪ್ರೊಸೆಸರ್ ಯಾವ ನೋಡಿಂದು ಅಂತ ನಮ್ಮ ಪರದೆ ತೋರಿಸ್ಬೇಕು,” ಎಂದಳು ಅಣ್ಣನ ಮಗಳು.

“ಎಂತದೇ ಅದು? ಒಂದು ಸೆಂಟೆನ್ಸ್ ಆದ್ರೂ ಮನುಷ್ಯರ ಭಾಷೆಲಿ ಹೇಳು ಮಾರಾಯ್ತಿ.”

ಅವಳು ಸ್ವಲ್ಪ ಯೋಚಿಸಿ, “ನಮ್ಮ ತದಡಿ ಬದಿ ಮನೆ ಇತ್ತಲ್ಲ, ಹಿಸೆ ಆದದ್ದು. ಅದೇ,” ಎಂದಳು.

ಅಷ್ಟು ಸಾಕಾಯಿತು. ನನ್ನ ಅಜ್ಜನೂ ಅವನ ತಮ್ಮನೂ ಪಾಲು ಮಾಡಿಕೊಂಡಾಗ ಮನೆಯ ನಡುವೆ ಗೋಡೆ ಎದ್ದು, ಒಂದೇ ಮಾಡಿನ ಕೆಳಗೆ ಮೂಡಲ ಅಡುಗೆಮನೆ, ಪಡುವಲ ಅಡುಗೆಮನೆ ಎಂದು ಎರಡಾಗಿದ್ದವು. ಸೊಸೆಯರು ನಾಲ್ವರು. ತನ್ನ ಅಡುಗೆಮನೆಯ ಉಪ್ಪು ಕೈಗೆ ಸಿಗುವಷ್ಟು ಹತ್ತಿರ. ಆಚೆ ಕಡೆಯ ಉಪ್ಪೂ ಸಿಗುತ್ತಿತ್ತು, ಆದರೆ ಅಂಗಳ ಸುತ್ತಿ ಹೋಗಿ, ನಾಲ್ಕು ಮಾತು ಆಡಿ, ಆಡಿಸಿಕೊಂಡು ತರಬೇಕಿತ್ತು. ಪ್ರೊಸೆಸರಿಗೂ ಹಾಗೇ, ಹತ್ತಿರದ ಮೆಮೊರಿ ಬೇಗ, ದೂರದ್ದು ತಡ.

ನಾನು ಪೆನ್ನು ಹಿಡಿದು, ಕೈಂಡ್ಲಿ ನೋಟ್ ದಟ್ ಎ ಪ್ರೊಸೆಸರ್ ಈಸ್ ಹ್ಯಾಪಿಯೆಸ್ಟ್ ನಿಯರ್ ಇಟ್ಸ್ ಓನ್ ಮೆಮೊರಿ ಎಂದು ಚಂದವಾಗಿ ಬರೆದುಕೊಟ್ಟೆ.

“ಅತ್ತೆ, ಪ್ರೊಸೆಸರಿಗೆ ಹ್ಯಾಪಿ ಎಲ್ಲ ಆಗೂದಿಲ್ಲ.”

“ಆಗೂದಿಲ್ಲ ಅಂದ್ರೆ ಇಡೀ ದಿನ ಯಾಕೆ ಹಂಗೆ ಕೂಗ್ತದೆ?”

ಸೋಮವಾರ ಪುಣೆಯ ಮ್ಯಾನೇಜರಿಗೆ ಫೋನಿನಲ್ಲೇ ಡೆಮೊ ಕೊಡಬೇಕಿತ್ತು. ಸರಿಬಂದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಯಂತ್ರವೂ ಕೆಲಸವೂ ಪುಣೆಗೆ ವಾಪಸ್ಸು. ಅವನು ಮೊದಲೇ ಒಂದು ಮಾತು ಎಸೆದಿದ್ದ: ಇಂಥ ಕೆಲಸ ಹೊನ್ನಾವರದಂಥ ಊರಿನಲ್ಲಿ ಆಗುವಂಥದ್ದಲ್ಲ. ಅದನ್ನು ಕೇಳಿದಂದಿನಿಂದ ಹುಡುಗಿ ಸರಿಯಾಗಿ ಊಟ ಮಾಡಿರಲಿಲ್ಲ. ಯಂತ್ರ ತೊಲಗಲಿ ಎಂದು ನನ್ನ ಕಿವಿ ಬೇಡಿಕೊಳ್ಳುತ್ತಿತ್ತು. ಅವಳ ಮುಖ ನೋಡಿದರೆ ಬೇಡಲು ಬಾಯಿ ಬರುತ್ತಿರಲಿಲ್ಲ.

ಆದರೆ ಪರದೆ ಸರಿಬರಲಿಲ್ಲ. ಪರದೆ ಹೇಳಿದಂತೆ ಒಂದೊಂದು ಪ್ರೊಸೆಸರಿಗೂ ಅದರ ಹತ್ತಿರದ ಮೆಮೊರಿ ಕೊಟ್ಟು ಓಡಿಸಿದರೆ ಕೆಲಸ ಚುರುಕಾಗಬೇಕಿತ್ತು. ಆಗಲಿಲ್ಲ, ಎರಡು ಪ್ರೊಸೆಸರ್ ಓಡಿದವು, ಎರಡು ಕುಂಟಿದವು.

“ಆಂಟಿ, ನಿಮ್ಮ ವೋಲ್ಟೇಜ್ ಸರಿ ಇಲ್ಲ,” ಎಂದ ಭಟ್ಕಳದ ಹುಡುಗ.

“ನನ್ನ ಮಿಕ್ಸಿ ಚಂದ ತಿರುಗ್ತದೆ. ವೋಲ್ಟೇಜಿನ ಸುದ್ದಿಗೆ ಬರ್ಬೇಡ.”

“ಹಂಗಾದ್ರೆ ಸೆಕೆ. ಮಷೀನಿಗೆ ಸೆಕೆ ಆಗ್ತದೆ.”

ಕಿಟಕಿಗೆ ಒದ್ದೆ ಗೋಣಿ ಕಟ್ಟಿದರು. ನನ್ನ ಕೋಣೆಯ ಫ್ಯಾನು ಎತ್ತಿಕೊಂಡು ಹೋದರು. ಸೆಕೆ ನನಗೆ ಆಯಿತು, ಯಂತ್ರ ಕುಂಟುತ್ತಲೇ ಇತ್ತು. ಭಾನುವಾರ ಇಬ್ಬರೂ ನನ್ನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಮಾತಾಡದೆ ಚಹಾ ಕುಡಿದರು. ಮಾತಾಡದೆ ಚಹಾ ಕುಡಿಯುವ ಮಕ್ಕಳನ್ನು ನೋಡುವುದು ನನಗೆ ಆಗದ ಕೆಲಸ.

“ಕುಂಟೂದು ಯಾವ ಎರಡು?” ಎಂದು ಸುಮ್ಮನೆ ಕೇಳಿದೆ.

“ನಡುವಿಂದು. ಮೊದಲಿಂದೂ ಕಡೆಗಿಂದೂ ಸರಿ ಓಡ್ತಾವೆ,” ಎಂದಳು ಅಣ್ಣನ ಮಗಳು.

“ಯಾವುದು ಯಾವ ಅಡುಗೆಮನೆದು ಅಂತ ನೀವು ಹೆಂಗೆ ಗೊತ್ತು ಮಾಡಿದ್ರಿ?”

“ಅದ್ರಲ್ಲಿ ಎಂತ ಇದೆ? ಮೊದಲಿನ ಎರಡು ಒಂದು ಕಡೆ, ಆಮೇಲಿನ ಎರಡು ಇನ್ನೊಂದು ಕಡೆ.”

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಸೊಸೆಯರಿಗೆ ನಂಬರು ಬಿದ್ದದ್ದು ಅಡುಗೆಮನೆ ನೋಡಿ ಅಲ್ಲ, ಮದುವೆಯ ಸರದಿ ನೋಡಿ. ಅಜ್ಜನ ದೊಡ್ಡ ಮಗನಿಗೆ ಮೊದಲು ಮದುವೆ, ಆಮೇಲೆ ಚಿಕ್ಕಜ್ಜನ ಮಗನಿಗೆ, ಆಮೇಲೆ ನನ್ನ ಅಪ್ಪನಿಗೆ, ಕೊನೆಗೆ ಚಿಕ್ಕಜ್ಜನ ಎರಡನೇ ಮಗನಿಗೆ. ಹೀಗಾಗಿ ಒಂದನೇ ಸೊಸೆಯೂ ಮೂರನೇ ಸೊಸೆಯಾದ ನನ್ನ ಅಮ್ಮನೂ ಮೂಡಲ ಅಡುಗೆಮನೆ. ಎರಡನೆಯವಳೂ ನಾಲ್ಕನೆಯವಳೂ ಪಡುವಲ ಅಡುಗೆಮನೆ. ಹಿಸೆಯಾದ ಮೇಲೂ ಯಾರೂ ನಂಬರು ಬಿಟ್ಟುಕೊಡಲಿಲ್ಲ. ಗೇರುಸೊಪ್ಪದ ನೆಂಟರೊಬ್ಬರು ಒಮ್ಮೆ ಮಾವಿನ ಹಣ್ಣಿನ ಎರಡು ಬುಟ್ಟಿ ಕಳಿಸಿ, ಮೊದಲಿನ ಇಬ್ಬರದ್ದು ಮೂಡಲ ಕಡೆ, ಉಳಿದ ಇಬ್ಬರದ್ದು ಪಡುವಲ ಕಡೆ ಇಡಿಸಿದ್ದರು. ಎರಡನೆಯವಳು ತನ್ನ ಹಣ್ಣಿಗೆ ಅಂಗಳ ಸುತ್ತಿ ಈಚೆ ಬಂದಳು. ನನ್ನ ಅಮ್ಮ ಅಂಗಳ ಸುತ್ತಿ ಆಚೆ ಹೋದಳು. ಇಬ್ಬರೂ ಬಾವಿಕಟ್ಟೆಯ ಹತ್ತಿರ ಎದುರಾಗಿ, ಆ ನೆಂಟರಿಗೆ ಕೊಟ್ಟ ಸಹಸ್ರನಾಮ ನಾನು ಇಲ್ಲಿ ಬರೆಯುವ ಹಾಗಿಲ್ಲ. ವೆರಿ ಅನ್‌ಲೇಡಿಲೈಕ್.

“ನಂಬರು ಅಡುಗೆಮನೆ ನೋಡಿ ಕೊಟ್ಟದ್ದು ಅಂತ ನಿಮಗೆ ಯಾರು ಹೇಳಿದ್ರು?” ಎಂದೆ. “ಮದುವೆ ಸರದಿ ನೋಡಿ ಕೊಟ್ಟಿದ್ರೆ? ಆಚೆಗೊಂದು, ಈಚೆಗೊಂದು. ಆಗ ನಿಮ್ಮ ಲೆಕ್ಕದಲ್ಲಿ ನಡುವಿನ ಇಬ್ಬರು ತಾನೆ ತಪ್ಪು ಮನೆಲಿ ಇರೂದು?”

ಭಟ್ಕಳದ ಹುಡುಗನ ಚಹಾ ಕಪ್ಪು ಅರ್ಧದಲ್ಲೇ ನಿಂತಿತು. “ಅರೆ, ನಾವು ಕೇಳ್ಲೇ ಇಲ್ಲ! ಮಷೀನಿಗೆ ಕೇಳ್ಲೇ ಇಲ್ಲ!” ಎಂದು ಎದ್ದು ಓಡಿದ. ಅವಳು ಹಿಂದೆ.

ಒಂದೊಂದು ಪ್ರೊಸೆಸರಿನಿಂದಲೂ ಎರಡೂ ಮೆಮೊರಿಯನ್ನು ಓದಿಸಿ, ಎಲ್ಲಿಂದ ಬೇಗ ಬರುತ್ತದೆ ಎಂದು ಅಳೆದು ನೋಡಿದರಂತೆ. ಒಂದೂ ಮೂರೂ ಒಂದು ಕಡೆ, ಎರಡೂ ನಾಲ್ಕೂ ಇನ್ನೊಂದು ಕಡೆ. ಥೇಟ್ ನಮ್ಮ ಮನೆ! ಆದರೆ ಯಂತ್ರ ಒಂದರಿಂದಲ್ಲ, ಸೊನ್ನೆಯಿಂದ ಎಣಿಸುತ್ತದಂತೆ. ನನ್ನ ದೊಡ್ಡಮ್ಮನನ್ನು ಯಾರಾದರೂ ಸೊನ್ನೆಯ ಸೊಸೆ ಎಂದಿದ್ದರೆ ಅವತ್ತೇ ಇನ್ನೊಂದು ಹಿಸೆ ಆಗುತ್ತಿತ್ತು. ಊಹೆಯನ್ನು ಕಿತ್ತುಹಾಕಿ, ಎಂಥ ಯಂತ್ರ ಸಿಕ್ಕರೂ ಮೊದಲು ಅದನ್ನೇ ಅಳೆದು ನೋಡುವ ಹಾಗೆ ಪರದೆಯನ್ನು ಬದಲಾಯಿಸಿದರು.

ಸೋಮವಾರ ಹಾಲ್‌ನಲ್ಲಿದ್ದ ಫೋನಿನ ಹತ್ತಿರ ಮೂವರೂ ಇದ್ದೆವು. ನಾನು ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿದ್ದೆ. ಮ್ಯಾನೇಜರ್ ತನ್ನ ಬಳಿಯಿದ್ದ ಬೇರೆಯೇ ಯಂತ್ರದ ಮೇಲೆ ಓಡಿಸಿ ನೋಡಿದ. ಅದರ ನಂಬರುಗಳ ಸರದಿಯೇ ಬೇರೆ. ಅಣ್ಣನ ಮಗಳು ರಿಸೀವರಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಕೆಂಪಾಗಿಸಿಕೊಂಡಿದ್ದಳು. ಆಮೇಲೆ ಅವನ ದನಿ ಬಂತು. ಕರೆಕ್ಟ್ ಇದೆ, ಮುಂದಿನ ಕೆಲಸವನ್ನೂ ಹೊನ್ನಾವರದಲ್ಲೇ ಮಾಡಿಸೋಣ ಎಂದ.

ಲೈನು ಅಂದು ಎಷ್ಟು ಸ್ವಚ್ಛವಾಗಿತ್ತೆಂದರೆ ದೂರ ಕೂತ ನನಗೂ ಕೇಳಿಸಿತು.

“ಸಾರಿ ಸರ್, ಲೈನ್ ಸರಿ ಇಲ್ಲ,” ಎಂದಳು ಅವಳು. “ಎಲ್ಲಿ ಅಂದ್ರಿ?”

“ಹೊನ್ನಾವರ್.”

ಅವಳು ರಿಸೀವರನ್ನು ಪಾರ್ಟ್ನರನ ಕಿವಿಗೆ ಹಿಡಿದು, ಮಾತಾಡುವ ತುದಿ ಮಾತ್ರ ತನ್ನ ಕಡೆ ತಿರುಗಿಸಿಕೊಂಡು, “ಸರ್, ಇನ್ನೊಂದ್ಸಲ?” ಎಂದಳು.

“ಹೊನ್ನಾವರ್, ಹೊನ್ನಾವರ್!” ಎಂದು ಮ್ಯಾನೇಜರ್ ಕಿರುಚಿದ.

ನಾನು ಬೆಳ್ಳುಳ್ಳಿ ಬಿಟ್ಟು ಎದ್ದೆ. ಅವಳು ರಿಸೀವರನ್ನು ನನ್ನ ಕಿವಿಗೆ ತಿರುಗಿಸಿ, ಪಾಪದ ಮುಖ ಮಾಡಿ ಮತ್ತೆ ಕೇಳಿದಳು: “ವೆರಿ ಸಾರಿ ಸರ್. ಯಾವ ಊರು ಅಂದ್ರಿ?”